ಊಟ ವಸತಿ ಉಚಿತ

ಮೆಜೆಸ್ಟಿಕ್‌ನಿಂದ ಕಲಾಸಿಪಾಳ್ಯದವರೆಗೆ ಒಮ್ಮೆ ನಡೆದು ನೋಡಿ. ಹೋಟೆಲು, ಬಾರು, ಮೆಸ್ಸು ಯಾವುದೇ ಇರಲಿ, ಗಲ್ಲಾದ ಪಕ್ಕದ ಜಿಡ್ಡು ಹಿಡಿದ ಕಂಬದ ಮೇಲೆ ಅದೇ ಚೀಟಿ: ‘ಕೆಲಸಕ್ಕೆ ಹುಡುಗರು ಬೇಕಾಗಿದ್ದಾರೆ. ಸಪ್ಲೈಯರ್, ಕ್ಲೀನರ್, ದೋಸೆ ಮಾಸ್ಟರ್. ಊಟ ವಸತಿ ಉಚಿತ.’ ಸಂಬಳ ಎಷ್ಟು, ಬರೆದಿಲ್ಲ. ಎಷ್ಟು ಹೊತ್ತಿನ ಕೆಲಸ, ಬರೆದಿಲ್ಲ. ವಾರದ ರಜೆ ಯಾವತ್ತು, ಅದೂ ಇಲ್ಲ. ಅದನ್ನೆಲ್ಲ ಕೇಳುವ ಹುಡುಗ ಅಲ್ಲಿಗೆ ಬರುವುದೂ ಇಲ್ಲ. ಬರುವವನು ಶಿರಾದಿಂದಲೋ ದೇವದುರ್ಗದಿಂದಲೋ ರಾತ್ರಿ ಬಸ್ಸು ಹತ್ತಿದವನು, ಅಥವಾ ಅಸ್ಸಾಮಿನಿಂದ ಮೂರು ದಿನ ಜನರಲ್ ಬೋಗಿಯಲ್ಲಿ ಕೂತು ಬಂದವನು. ಅವನಿಗೆ ಮೊದಲು ಬೇಕಾದದ್ದು ಆ ರಾತ್ರಿ ಮೈ ಚೆಲ್ಲಲು ಒಂದು ಜಾಗ. ಅದು ಮಾಲೀಕನಿಗೆ ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದಲೇ ಚೀಟಿ ಹಾಗಿದೆ.

ಆ ಚೀಟಿ ಸುಳ್ಳು ಹೇಳುತ್ತಿದೆ. ಹೋಟೆಲಿನಲ್ಲಿ ದುಡಿಯುವವನು ಬದುಕಿನಲ್ಲಿ ಅತಿ ಹೆಚ್ಚು ಬೆಲೆ ಕೊಟ್ಟು ಕೊಳ್ಳುವುದು ಈ ‘ಉಚಿತ’ವನ್ನೇ.

ಮೊದಲು ಆ ವಸತಿ ಎಂಥದ್ದು ನೋಡೋಣ. ಅಡುಗೆಮನೆಯ ಮೇಲಿನ ಅಟ್ಟ. ಕೆಳಗೆ ಭಟ್ಟಿ, ಮೇಲೆ ತಗಡು. ಈರುಳ್ಳಿ ಮೂಟೆ, ಎಣ್ಣೆ ಡಬ್ಬ, ಸಿಲಿಂಡರುಗಳ ನಡುವೆ ಉಳಿದಷ್ಟು ನೆಲ. ಅಟ್ಟ ಇಲ್ಲದಿದ್ದರೆ ಕೊನೆಯ ಗಿರಾಕಿ ಎದ್ದು ಹೋದ ಮೇಲೆ ನಾಲ್ಕು ಟೇಬಲ್ ಜೋಡಿಸಿಕೊಂಡು ಅದರ ಮೇಲೆಯೇ. ಹತ್ತು ಹದಿನೈದು ಜನಕ್ಕೆ ಒಂದು ಬಚ್ಚಲು. ಟ್ರಂಕಿಗೆ ಬೀಗ ಹಾಕಿದರೆ ‘ಏನೋ, ನಮ್ಮ ಮೇಲೇ ಅನುಮಾನವಾ’ ಅಂತ ಮಾತು. ಕೊಡಗು, ಚಿಕ್ಕಮಗಳೂರಿನ ರೆಸಾರ್ಟುಗಳ ಕಡೆ ಹೋದರೆ ಅತಿಥಿಗೆ ಕಣಿವೆ ಕಾಣುವ ಬಾಲ್ಕನಿ. ಆ ಬಾಲ್ಕನಿ ಗುಡಿಸುವವರಿಗೆ ಜನರೇಟರ್ ಹಿಂದೆ ಶೀಟಿನ ಶೆಡ್ಡು. ಅತಿಥಿಗಳನ್ನು ಕರೆತಂದ ಟ್ಯಾಕ್ಸಿ ಡ್ರೈವರನಿಗಂತೂ ಅದೂ ಇಲ್ಲ. ಡಿಸೆಂಬರಿನ ಮಂಜಿನಲ್ಲಿ ಸೀಟು ಹಿಂದಕ್ಕೆ ಬಾಗಿಸಿ, ಕಾಲು ಸ್ಟೇರಿಂಗಿಗೆ ಸಿಕ್ಕಿಸಿ ಮಲಗುತ್ತಾನೆ. ಬೆಳಿಗ್ಗೆ ಅದೇ ಡ್ರೈವರನ ಕೈಯಲ್ಲಿ ಘಾಟಿಯ ತಿರುವುಗಳನ್ನೂ ತಮ್ಮ ಹೆಂಡತಿ ಮಕ್ಕಳನ್ನೂ ಒಪ್ಪಿಸುವವರಿಗೆ ಅವನು ಎಲ್ಲಿ ಮಲಗಿದ್ದ ಅನ್ನುವುದು ಬೇಡವಾದ ವಿಷಯ.

2018ರ ಜನವರಿ 8, ಸೋಮವಾರ ನಸುಕು. ಕಲಾಸಿಪಾಳ್ಯದ ಕುಂಬಾರ ಸಂಘದ ಕಟ್ಟಡದಲ್ಲಿದ್ದ ಬಾರ್ ಅಂಡ್ ರೆಸ್ಟೋರೆಂಟ್‌ಗೆ ಬೆಂಕಿ ಬಿತ್ತು. ವ್ಯಾಪಾರ ಮುಗಿದಿತ್ತು, ಗಿರಾಕಿಗಳೆಲ್ಲ ಮನೆಗೆ ಹೋಗಿದ್ದರು. ಒಳಗೆ ಮಲಗಿದ್ದ ಐವರು ಸತ್ತರು. ಐವರೂ ಅಲ್ಲೇ ಕೆಲಸ ಮಾಡುತ್ತಿದ್ದ ತುಮಕೂರು, ಹಾಸನ, ಮಂಡ್ಯ ಕಡೆಯವರು. ಅವರು ಕೆಲಸದ ಹೊತ್ತಿನಲ್ಲಿ ಸತ್ತರೋ, ನಿದ್ದೆಯ ಹೊತ್ತಿನಲ್ಲಿ ಸತ್ತರೋ? ಇದು ಕಾನೂನಿನ ಕೊಂಕು ಪ್ರಶ್ನೆಯಂತೆ ಕೇಳಬಹುದು. ಆದರೆ ನನಗೆ ಇಡೀ ಉದ್ಯಮದ ಗುಟ್ಟು ಇದರಲ್ಲೇ ಇದೆ ಅನ್ನಿಸುತ್ತದೆ. ಬಾರಿನೊಳಗೆ ಮಲಗಿದವನು ಬರೀ ಮಲಗಿರುವುದಿಲ್ಲ. ಕಳ್ಳ ಬಂದರೆ ಅವನೇ ಕಾವಲುಗಾರ. ನಸುಕಿಗೆ ಹಾಲಿನ ವ್ಯಾನು, ತರಕಾರಿ ಆಟೋ ಬಂದರೆ ಅವನೇ ಹಮಾಲಿ. ಮಾಲೀಕನ ಗೆಳೆಯರು ಹೊತ್ತು ಮೀರಿ ಬಂದು ಷಟರ್ ಬಡಿದರೆ ಕಣ್ಣುಜ್ಜಿಕೊಂಡು ಗ್ಲಾಸು ತೊಳೆಯುವವನೂ ಅವನೇ. ರಾತ್ರಿ ಕಾವಲಿನ ಸಂಬಳ ಉಳಿಸಿಕೊಂಡು ಅದಕ್ಕೆ ‘ವಸತಿ’ ಅಂತ ಹೆಸರಿಟ್ಟರು. ಆ ವಸತಿಯೇ ಐವರನ್ನು ಸುಟ್ಟಿತು.

ಬೆಂಗಳೂರು ಮರೆಯಿತು. ಮರೆಯಲು ಬೆಂಗಳೂರಿಗೆ ಎಷ್ಟು ದಿನ ಬೇಕು?

2025ರ ಡಿಸೆಂಬರ್ 6ರ ನಡುರಾತ್ರಿ, ಗೋವಾದ ಅರ್ಪೋರಾ. ನೈಟ್ ಕ್ಲಬ್ಬೊಂದರಲ್ಲಿ ಬೆಂಕಿ ಎದ್ದು 25 ಜನ ಸತ್ತರು. ಟಿವಿಯಲ್ಲಿ ‘ಪ್ರವಾಸಿಗರ ಸಾವು’ ಅನ್ನುವ ಗದ್ದಲ. ಲೆಕ್ಕ ಹೊರಬಿದ್ದಾಗ ಪ್ರವಾಸಿಗರು ಐವರು, ಉಳಿದ 20 ಜನ ಅಲ್ಲಿನ ಕೆಲಸಗಾರರು. ಉತ್ತರಾಖಂಡ, ಜಾರ್ಖಂಡ್, ಅಸ್ಸಾಂ, ನೇಪಾಳದ ಹುಡುಗರು. ಹೆಚ್ಚಿನವರ ಜೀವ ತೆಗೆದದ್ದು ಬೆಂಕಿಗಿಂತ ಹೊಗೆ. ಅಡುಗೆಮನೆಯಿಂದ, ನೆಲಮಾಳಿಗೆಯಿಂದ ಹೊರಗೆ ಬರಲು ದಾರಿ ಇರಲಿಲ್ಲ. ಗಿರಾಕಿ ಕುಣಿಯುವ ಜಾಗಕ್ಕೆ ಬೆಳಕು, ಬಾಗಿಲು, ಕಡಲ ಗಾಳಿ. ಬೇಯಿಸುವವರಿಗೆ ನೆಲದಡಿಯ ಗವಿ. ಇನ್ನೂ ಬೆಂಕಿ ಆರಿಸುತ್ತಿದ್ದಾಗಲೇ ಮಾಲೀಕರು ಥಾಯ್ಲೆಂಡಿಗೆ ಟಿಕೆಟ್ ತೆಗೆದು, ಬೆಳಗಾಗುವಷ್ಟರಲ್ಲಿ ವಿಮಾನದಲ್ಲಿದ್ದರು. ಆಮೇಲೆ ಹಿಡಿದು ತಂದರು, ಆ ಮಾತು ಬೇರೆ. ಗಮನಿಸಿ: ಮಾಲೀಕನಿಗೆ ದೇಶದಿಂದಲೇ ಹೊರಗೆ ಹೋಗಲು ಬಾಗಿಲು ಸಿಕ್ಕಿತು. ಕುಕ್ಕಿಗೆ ಅಡುಗೆಮನೆಯಿಂದ ಹೊರಗೆ ಬರಲು ಸಿಗಲಿಲ್ಲ.

‘ಅಯ್ಯೋ, ಅದು ಆಕಸ್ಮಿಕ, ದಿನಾ ಆಗುತ್ತದಾ’ ಅನ್ನುತ್ತೀರಿ. ದಿನಾ ಆಗುವುದನ್ನೇ ಹೇಳುತ್ತೇನೆ, ಕೇಳಿ.

ಹೋಟೆಲು ಕೆಲಸದಲ್ಲಿ ‘ಬ್ರೇಕ್ ಶಿಫ್ಟ್’ ಅಂತ ಒಂದಿದೆ. ಬೆಳಿಗ್ಗೆ ಏಳಕ್ಕೆ ಬಾ, ಹನ್ನೊಂದೂವರೆಗೆ ಬಿಡು. ಸಂಜೆ ಆರಕ್ಕೆ ಮತ್ತೆ ಬಾ, ರಾತ್ರಿ ಹನ್ನೊಂದಕ್ಕೆ ಹೋಗು. ರಿಜಿಸ್ಟರಿನಲ್ಲಿ ಒಂಬತ್ತೂವರೆ ಗಂಟೆ. ಮನುಷ್ಯನ ಆಯುಷ್ಯದಲ್ಲಿ ಹದಿನಾರು ಗಂಟೆ. ನಡುವಿನ ಆರೂವರೆ ಗಂಟೆಯಲ್ಲಿ ಮನೆಗೆ ಹೋಗಿ ಬರುವಷ್ಟು ಹತ್ತಿರ ಯಾರ ಮನೆಯೂ ಇರುವುದಿಲ್ಲ. ಆದ್ದರಿಂದ ಅಲ್ಲೇ ಇರಬೇಕು. ಅಲ್ಲೇ ಇದ್ದ ಮೇಲೆ ‘ಬಾರೋ, ಸ್ವಲ್ಪ ಬೀನ್ಸು ಹೆಚ್ಚು’, ‘ಸ್ಟೋರಿಂದ ಎರಡು ಮೂಟೆ ಇಳಿಸು.’ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಿಂದಲೂ ಇದೆ, ಹೋಟೆಲು ಅದರೊಳಗೇ ಬರುತ್ತದೆ. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48, ವಾರಕ್ಕೊಂದು ರಜೆ, ಹೆಚ್ಚುವರಿ ಹೊತ್ತಿಗೆ ದುಪ್ಪಟ್ಟು ಕೂಲಿ ಅನ್ನುತ್ತದೆ ಅದು. ಅದಕ್ಕಿಂತ ಮುಖ್ಯವಾಗಿ, ವಿಶ್ರಾಂತಿಯ ಹೊತ್ತನ್ನೂ ಸೇರಿಸಿ ಒಂದು ದಿನದ ಕೆಲಸ ಹನ್ನೆರಡು ಗಂಟೆಗಿಂತ ಹೆಚ್ಚು ಚಾಚಿಕೊಳ್ಳಬಾರದು ಅನ್ನುತ್ತದೆ. ಅರವತ್ತು ವರ್ಷಗಳ ಹಿಂದೆ ಕೂತು ಬರೆದವರಿಗೆ ಬ್ರೇಕ್ ಶಿಫ್ಟಿನ ಮೋಸ ಕಂಡಿತ್ತು. ಇವತ್ತಿನ ಕಾರ್ಮಿಕ ನಿರೀಕ್ಷಕರಿಗೆ ಕಾಣುವುದಿಲ್ಲ. ಅವರು ಬಂದಾಗ ಫ್ಯಾಮಿಲಿ ರೂಮಿನಲ್ಲಿ ಕೂರಿಸಿ ಮಸಾಲೆ ದೋಸೆ ಕೊಡುತ್ತಾರೆ. ದೋಸೆ ತಂದಿಟ್ಟವನನ್ನು ‘ಎಷ್ಟೊತ್ತಿಗೆ ಎದ್ದೆ’ ಅಂತ ಅವರು ಕೇಳಿದ್ದನ್ನು ಕಂಡವರಿದ್ದರೆ ನನಗೆ ತಿಳಿಸಿ.

2025ರ ಜೂನ್‌ನಲ್ಲಿ ಇದೇ ಕಾಯ್ದೆ ತಿದ್ದಿ ದಿನಕ್ಕೆ ಹತ್ತು ಗಂಟೆ, ಓವರ್‌ಟೈಮ್ ಸೇರಿ ಹನ್ನೆರಡು ಮಾಡುವ ಪ್ರಸ್ತಾಪವನ್ನು ಕಾರ್ಮಿಕ ಇಲಾಖೆ ಮುಂದಿಟ್ಟಿತು. ಐಟಿ ನೌಕರರ ಸಂಘ ಬೀದಿಗೆ ಬಂತು. ಬರಲೇಬೇಕಿತ್ತು, ಅವರ ಜೊತೆ ನಾನೂ ಇದ್ದೇನೆ. ಆದರೆ ಆ ಚರ್ಚೆಯ ಪ್ಯಾನೆಲ್ಲುಗಳಿಗೆ ಟೀ ತಂದುಕೊಟ್ಟ ಹುಡುಗ ಆಗಲೇ ಹದಿನಾಲ್ಕು ಗಂಟೆ ದುಡಿಯುತ್ತಿದ್ದ. ಅವನ ಸುದ್ದಿ ಯಾವ ಸ್ಟುಡಿಯೋದಲ್ಲೂ ಬರಲಿಲ್ಲ.

2024ರಲ್ಲಿ ಬೆಂಗಳೂರಿನ ಬಾರು ಹೋಟೆಲುಗಳಿಗೆ ರಾತ್ರಿ ಒಂದರವರೆಗೆ ತೆರೆದಿರಲು ಸರ್ಕಾರ ಅಪ್ಪಣೆ ಕೊಟ್ಟಿತು. ‘ನೈಟ್ ಲೈಫ್’ ಅಂತ ಪತ್ರಿಕೆಗಳು ಸಂಭ್ರಮಿಸಿದವು. ಒಂದಕ್ಕೆ ಬಾಗಿಲು ಹಾಕಿ, ನೆಲ ಒರೆಸಿ, ಪಾತ್ರೆ ತೊಳೆದು ಮುಗಿಸುವಾಗ ಎರಡೂವರೆ. ಮೆಟ್ರೋ ಯಾವಾಗಲೋ ಮಲಗಿರುತ್ತದೆ, ಬಿಎಂಟಿಸಿಯೂ ಬಹುಪಾಲು ಡಿಪೋ ಸೇರಿರುತ್ತದೆ. ಆಟೋದವನು ಕೇಳುವ ದುಡ್ಡು ಸಪ್ಲೈಯರಿನ ಅರ್ಧ ದಿನದ ಕೂಲಿ. ಹಾಗಾದರೆ ಎಲ್ಲಿ ಮಲಗಬೇಕು? ಅಲ್ಲೇ, ಟೇಬಲ್ ಮೇಲೆ. ಗಿರಾಕಿಗೆ ಒಂದು ಗಂಟೆ ಹೆಚ್ಚು ಮೋಜು ಬೇಕೆಂದು ಆದೇಶಕ್ಕೆ ಸಹಿ ಹಾಕಿದವರು ದುಡಿಯುವವರಿಗೆ ಒಂದು ಬಸ್ಸು ಬಿಡಿ ಅಂತ ಅದೇ ಹಾಳೆಯಲ್ಲಿ ಒಂದು ಸಾಲು ಸೇರಿಸಬಹುದಿತ್ತು.

ನಮ್ಮ ಹಳ್ಳಿಗಳಲ್ಲಿ ಜೀತದಾಳು ಅಂತ ಇದ್ದ. ಗೌಡರ ದನದ ಕೊಟ್ಟಿಗೆಯಲ್ಲೇ ಮಲಗುತ್ತಿದ್ದ, ಗೌಡರ ಮನೆಯ ಹಿತ್ತಲಲ್ಲೇ ಉಣ್ಣುತ್ತಿದ್ದ. ಅವನಿಗೂ ಊಟ ವಸತಿ ಉಚಿತವೇ. ಉಂಡ ಮನೆಯ ಋಣ, ಮಲಗಿದ ಜಾಗದ ಹಂಗು ಎರಡೂ ಸೇರಿ ಅವನ ಹಗಲು ರಾತ್ರಿಗಳನ್ನೆಲ್ಲ ಗೌಡರ ಪಾಲು ಮಾಡುತ್ತಿದ್ದವು. 1976ರಲ್ಲಿ ಕಾನೂನು ತಂದು ಜೀತ ರದ್ದು ಮಾಡಿದೆವು. ಜೀತದಾಳಿನ ಮೊಮ್ಮಗ ಪೇಟೆಗೆ ಬಂದು ಸಪ್ಲೈಯರ್ ಆದ. ಅವನಿಗೆ ನಾವು ಕೊಟ್ಟದ್ದು ಕುತ್ತಿಗೆಗೊಂದು ಟೈ. ರಜೆ ಕೇಳಿದರೆ ‘ಇಲ್ಲೇ ತಿಂದ್ಕೊಂಡು ಇಲ್ಲೇ ಬಿದ್ಕೊಂಡಿರ್ತೀಯ, ನಿನಗ್ಯಾಕೋ ರಜೆ?’ ಸಂಬಳ ಜಾಸ್ತಿ ಕೇಳಿದರೆ ‘ಹೊರಗೆ ರೂಮು ಮಾಡಿ ನೋಡು, ಬಾಡಿಗೆ ಎಷ್ಟಾಗುತ್ತೆ ಗೊತ್ತಾಗುತ್ತೆ.’ ಕೆಲಸ ಬಿಡುತ್ತೇನೆ ಅಂದರೆ ‘ಹಾಗಾದ್ರೆ ಈಗಲೇ ಪೆಟ್ಟಿಗೆ ಎತ್ತು.’ ಕೆಲಸ ಹೋದ ಕ್ಷಣದಲ್ಲೇ ಸೂರೂ ಹೋಗುವವನು ಯಾವ ಬಾಯಲ್ಲಿ ಜಗಳವಾಡಬೇಕು?

ವಸತಿಯನ್ನು ಸಂಬಳದಲ್ಲಿ ಹಿಡಿದುಕೊಳ್ಳುವ ಈ ಲೆಕ್ಕವೇ ತಪ್ಪು. 1948ರ ಕನಿಷ್ಠ ವೇತನ ಕಾಯ್ದೆ ‘ಕೂಲಿ’ ಅಂದರೇನು ಅಂತ ಹೇಳುವಾಗಲೇ ವಸತಿ, ದೀಪ, ನೀರು ಇವುಗಳ ಬೆಲೆಯನ್ನು ಅದರಿಂದ ಹೊರಗಿಟ್ಟಿತ್ತು. ಅಟ್ಟದಲ್ಲಿ ಮಲಗಿಸಿದ್ದನ್ನು ಕೂಲಿಯ ಭಾಗವೆಂದು ಲೆಕ್ಕ ಹಾಕುವಂತಿರಲಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಂತೂ ಬೇರೆ ರಾಜ್ಯದಿಂದ ಆಳುಗಳನ್ನು ತರುವ ಗುತ್ತಿಗೆದಾರ ಅವರಿಗೆ ತಕ್ಕ ವಸತಿ ಕೊಡಲೇಬೇಕು ಅಂದಿತ್ತು. ಅಂದರೆ ಅದು ಹಕ್ಕು, ಭಿಕ್ಷೆಯಲ್ಲ. ಹಕ್ಕನ್ನೇ ಉಪಕಾರ ಮಾಡಿ, ಉಪಕಾರವನ್ನೇ ಸಾಲ ಮಾಡಿ ತಿಂಗಳ ಕೊನೆಗೆ ವಸೂಲು ಮಾಡುವ ಜಾಣತನಕ್ಕೆ ಹೋಟೆಲು ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಏನೆಂದು ಕರೆಯುತ್ತಾರೋ ತಿಳಿಯದು. ಅಂದಹಾಗೆ ಆ ಕಾಲೇಜಿನ ಹುಡುಗರ ಗತಿಯೂ ಬೇರೆಯಲ್ಲ. ಲಕ್ಷಗಟ್ಟಲೆ ಫೀಸು ಕಟ್ಟಿ ‘ಇಂಡಸ್ಟ್ರಿಯಲ್ ಟ್ರೇನಿಂಗ್’ ಹೆಸರಿನಲ್ಲಿ ತಿಂಗಳುಗಟ್ಟಲೆ ಪುಗಸಟ್ಟೆ ಆಲೂಗಡ್ಡೆ ಸುಲಿಯುತ್ತಾರೆ.

ಊಟದ ಸಂಗತಿಗೆ ಬರೋಣ. ಊರಿಗೆಲ್ಲ ಬಡಿಸುವವನು ಉಣ್ಣುವುದು ಮಧ್ಯಾಹ್ನ ನಾಲ್ಕಕ್ಕೆ, ನಿಂತುಕೊಂಡು, ಸಿಂಕಿನ ಪಕ್ಕ. ಸಾರು ಮುಗಿದಿದ್ದರೆ ಮಜ್ಜಿಗೆ. ದೊಡ್ಡ ಹೋಟೆಲಿನ ಬಫೆಯಲ್ಲಿ ಮಿಕ್ಕಿದ ಬಿರಿಯಾನಿ ಕಸದ ಡ್ರಮ್ಮಿಗೆ ಹೋಗಬಹುದು, ಅದಕ್ಕೆ ಸೌಟು ಹಾಕಿದವನ ಡಬ್ಬಿಗೆ ಹೋಗುವಂತಿಲ್ಲ. ಹೋದರೆ ಕಳ್ಳತನ. ಗೇಟಿನಲ್ಲಿ ಸೆಕ್ಯೂರಿಟಿಯವನು ಬ್ಯಾಗು ಬಿಚ್ಚಿಸುತ್ತಾನೆ. ಬಿಚ್ಚಿಸುವವನ ಸಂಬಳ ಬಿಚ್ಚಿದವನಿಗಿಂತ ಕಡಿಮೆ. ಒಡೆದ ಲೋಟಕ್ಕೆ ‘ಬ್ರೇಕೇಜ್’ ಅಂತ ಕಡಿತ. ಗಿರಾಕಿ ಬಿಲ್ಲು ಕೊಡದೆ ಓಡಿಹೋದರೆ ಸಪ್ಲೈಯರಿನ ಸಂಬಳಕ್ಕೆ ಕಡಿತ. ಯಾರೋ ಫೋನಿನಲ್ಲಿ ಒಂದು ಸ್ಟಾರ್ ಒತ್ತಿ ‘ಸ್ಟಾಫ್ ನಗಲಿಲ್ಲ’ ಅಂತ ಬರೆದರೆ ಅದಕ್ಕೂ ಬೈಗುಳ. ಹದಿನಾಲ್ಕನೇ ಗಂಟೆಯಲ್ಲಿ ನಗದವನು ಅಪರಾಧಿ!

ಇನ್ನು ಅಡುಗೆಮನೆಯಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ ನೋಡಿ. ಒಲೆಯ ಮುಂದೆ ಒಂದು ಜಾತಿ, ಟೇಬಲಿನ ಬಳಿ ಇನ್ನೊಂದು, ಸಿಂಕಿನ ಬಳಿ ಮತ್ತೊಂದು, ಕಕ್ಕಸಿನ ಬಳಿ ಯಾರೆಂದು ಹೇಳಬೇಕಿಲ್ಲ. ಯಾರೂ ಬೋರ್ಡು ಹಾಕಿಲ್ಲ, ಆದರೂ ತಪ್ಪುವುದಿಲ್ಲ. 2019ರ ಜೂನ್‌ನಲ್ಲಿ ಗುಜರಾತಿನ ವಡೋದರ ಜಿಲ್ಲೆಯ ಡಭೋಯಿ ಬಳಿ ಹೋಟೆಲೊಂದರ ಶೌಚಗುಂಡಿಗೆ ಇಳಿದವನು ಮೇಲೆ ಬರಲಿಲ್ಲ. ಅವನನ್ನು ಎತ್ತಲು ಹೋದವರೂ ಬರಲಿಲ್ಲ. ಒಟ್ಟು ಏಳು ಜನ: ನಾಲ್ವರು ಸಫಾಯಿ ಕೆಲಸದವರು, ಮೂವರು ಹೋಟೆಲಿನ ಕೆಲಸದವರು. ಮನುಷ್ಯರನ್ನು ಗುಂಡಿಗೆ ಇಳಿಸಬಾರದೆಂಬ ಕಾಯ್ದೆ ಬಂದು ಆಗ ಆರು ವರ್ಷ. ಹೋಟೆಲು ಬಿಸಿನೆಸ್ಸಿನಲ್ಲಿ ‘ಹೈಜೀನ್’ ಅನ್ನುವ ಶಬ್ದವನ್ನು ದಿನಕ್ಕೆ ಎಷ್ಟು ಸಲ ಆಡುತ್ತಾರೋ! ಆ ಏಳು ಜನ ಸತ್ತದ್ದು ಅದರ ಇನ್ನೊಂದು ತುದಿಯಲ್ಲಿ.

ಇದನ್ನೆಲ್ಲ ಹೇಳಿದರೆ ಕೆಲವರು ಒಂದು ಕಥೆ ತೆಗೆಯುತ್ತಾರೆ: ಟೇಬಲ್ ಒರೆಸಿದ ಮಾಣಿ ಮಾಲೀಕನಾದ ಕಥೆ. ಕರಾವಳಿಯಿಂದ ಮುಂಬಯಿಗೆ ಹೋಗಿ ಲೋಟ ತೊಳೆದವರು, ಹಗಲು ಹೋಟೆಲು, ರಾತ್ರಿ ಕನ್ನಡ ಶಾಲೆ ಅಂತ ಕಲಿತವರು, ಕೊನೆಗೆ ಗಲ್ಲಾದ ಮೇಲೆ ಕೂತವರು. ಮಾಟುಂಗಾದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕ್ ಅಂಥವರೇ. ನಿಜ, ದೊಡ್ಡ ಮನುಷ್ಯರು, ಅವರ ಮೇಲೆ ನನಗೆ ಗೌರವವಿದೆ. ಆದರೆ ಒಬ್ಬ ರಾಮ ನಾಯಕರ ಪಕ್ಕದಲ್ಲಿ ಅದೇ ಟೇಬಲ್ ಮೇಲೆ ಮಲಗಿದ್ದ ಉಳಿದ ಹುಡುಗರೆಲ್ಲ ಎಲ್ಲಿ ಹೋದರು? ಕ್ಷಯ ಹತ್ತಿಸಿಕೊಂಡು ಊರಿಗೆ ಮರಳಿದವನ, ಐವತ್ತಕ್ಕೆ ಮಂಡಿ ಸವೆದು ಕೆಲಸ ಕಳೆದುಕೊಂಡ ಸಪ್ಲೈಯರಿನ ಜೀವನಚರಿತ್ರೆಯನ್ನು ಯಾವ ಸಂಘ ಬಿಡುಗಡೆ ಮಾಡಿದೆ? ಹೋಟೆಲು, ಢಾಬಾ, ರೆಸಾರ್ಟುಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳು ದುಡಿಯಬಾರದೆಂಬ ನಿಷೇಧ ಜಾರಿಯಾದದ್ದು 2006ರ ಅಕ್ಟೋಬರ್ 10ರಂದು. ಅಲ್ಲಿಯವರೆಗೂ ನಾವು ಆ ಮಕ್ಕಳನ್ನು ‘ಏ ಮಾಣಿ, ನೀರು ತಾ’ ಅಂತಲೇ ಕರೆಯುತ್ತಿದ್ದೆವು, ಯಾವ ಮುಜುಗರವೂ ಇಲ್ಲದೆ.

ಅದೇ ಕರಾವಳಿ ಇನ್ನೊಂದು ಕಥೆಯನ್ನೂ ಕೊಟ್ಟಿದೆ, ಹೋಟೆಲು ಮಾಲೀಕರ ಸಮಾವೇಶಗಳಲ್ಲಿ ಅದು ಕೇಳುವುದಿಲ್ಲ. ಪಾದ್ರಿಯಾಗಲು ಹೋಗಿ ಸೆಮಿನರಿ ಬಿಟ್ಟು ಬಂದ ಜಾರ್ಜ್ ಫರ್ನಾಂಡಿಸ್ 1949ರ ಸುಮಾರಿಗೆ, ಇನ್ನೂ ಹತ್ತೊಂಬತ್ತು ದಾಟಿರದ ವಯಸ್ಸಿನಲ್ಲಿ, ಮಂಗಳೂರಿನ ಹೋಟೆಲು ಮತ್ತು ಬಸ್ಸು ಕೆಲಸಗಾರರನ್ನು ಸಂಘಟಿಸಲು ಹೊರಟವರು. ಆಮೇಲೆ ಮುಂಬಯಿಗೆ ಹೋಗಿ ಚೌಪಾಟಿಯ ಬೆಂಚಿನ ಮೇಲೆ ಮಲಗಿದರು. ಅವರ ಕೊನೆಯ ದಶಕಗಳ ರಾಜಕಾರಣದ ಬಗ್ಗೆ ನನಗೆ ಬೇರೆಯೇ ತಕರಾರಿದೆ, ಇರಲಿ. ಆದರೆ ಹೋಟೆಲು ಕೆಲಸದವನೂ ಒಬ್ಬ ಕಾರ್ಮಿಕ, ಅವನಿಗೂ ಒಂದು ಸಂಘ ಬೇಕು ಅನ್ನುವುದು ಆ ಹುಡುಗನಿಗೆ ಹೊಳೆದಿತ್ತು. ಎಪ್ಪತ್ತೈದು ವರ್ಷಗಳ ಮೇಲೆ ಮಾಲೀಕರ ಸಂಘ ಇಲ್ಲದ ಜಿಲ್ಲೆ ಕಾಣುವುದಿಲ್ಲ. ಸಪ್ಲೈಯರುಗಳ ಸಂಘವನ್ನು ದೀಪ ಹಿಡಿದು ಹುಡುಕಬೇಕು.

ಮಾಲೀಕರ ಸಂಘ ಏನು ಮಾಡುತ್ತದೆ ಅನ್ನುವುದಕ್ಕೆ ಹಳೆಯ ಉದಾಹರಣೆ ಬೇಡ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ ಹನ್ನೆರಡು ದಿನ ಸಂಬಳಸಹಿತ ಮುಟ್ಟಿನ ರಜೆ ಕೊಡಲು ಒಪ್ಪಿತು. ಡಿಸೆಂಬರ್ ಹೊತ್ತಿಗೆ ಅದರ ವಿರುದ್ಧ ಹೈಕೋರ್ಟಿನ ಮೆಟ್ಟಿಲು ಹತ್ತಿದವರಲ್ಲಿ ಬೆಂಗಳೂರು ಹೋಟೆಲುಗಳ ಸಂಘವೂ ಇತ್ತು. ತಿಂಗಳಿಗೆ ಒಂದು ದಿನ ಸ್ವಾಮಿ! ಹಾಸಿಗೆ ಎತ್ತಿ, ಚಾದರ ಬದಲಿಸಿ, ಬಗ್ಗಿ ಬಗ್ಗಿ ಬಾತ್‌ರೂಮು ಉಜ್ಜುವ ಹೌಸ್‌ಕೀಪಿಂಗ್ ಹೆಂಗಸಿಗೆ. ರಿಸೆಪ್ಷನ್ನಿನಲ್ಲಿ ಸೀರೆಯುಟ್ಟು, ಎತ್ತರದ ಹಿಮ್ಮಡಿಯ ಚಪ್ಪಲಿ ತೊಟ್ಟು ಕೂರದೆ ನಿಂತೇ ಇರುವ ಹುಡುಗಿಗೆ. ಕೇರಳದಲ್ಲಿ ಕೂರುವ ಹಕ್ಕಿಗಾಗಿಯೇ ಹೋರಾಟ ನಡೆಯಿತು. ಕೋಳಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳಲ್ಲಿ ದುಡಿಯುವ ಹೆಂಗಸರು ಪಿ. ವಿಜಿ ಎಂಬ ದರ್ಜಿಯ ಮುಂದಾಳತ್ವದಲ್ಲಿ ಮೊದಲು ಶೌಚಾಲಯ ಕೇಳಿದರು, ಆಮೇಲೆ ಕುರ್ಚಿ ಕೇಳಿದರು. 2018ರಲ್ಲಿ ಕೇರಳ ಕಾಯ್ದೆ ತಿದ್ದಿತು, 2021ರಲ್ಲಿ ತಮಿಳುನಾಡೂ ತಿದ್ದಿತು. ನಮ್ಮ ಹೋಟೆಲುಗಳ ಲಾಬಿಯಲ್ಲಿ ಇಟ್ಟಿರುವ ಸೋಫಾಗಳಲ್ಲಿ ಅಲ್ಲಿ ದುಡಿಯುವವಳು ಕೂತದ್ದನ್ನು ನಾನಂತೂ ಕಂಡಿಲ್ಲ. ಮುಚ್ಚಿದ ಕೋಣೆಗೆ ಒಬ್ಬಳೇ ಟವೆಲ್ ತೆಗೆದುಕೊಂಡು ಹೋಗುವಾಗ ಅವಳ ಎದೆ ಹೊಡೆದುಕೊಳ್ಳುವ ಬಗ್ಗೆ ಬರೆಯಲು ಹೋದರೆ ಈ ಲೇಖನ ಇಲ್ಲಿಗೆ ಮುಗಿಯುವುದಿಲ್ಲ.

ಸಣ್ಣ ಹೋಟೆಲಿನವರ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಹತ್ತಡಿ ದರ್ಶಿನಿ ನಡೆಸುವವನು ಬೆಳಗಿನ ಜಾವ ನಾಲ್ಕಕ್ಕೆ ತಾನೇ ಹಿಟ್ಟು ರುಬ್ಬುತ್ತಾನೆ, ಬಾಡಿಗೆ, ಬಡ್ಡಿ, ಪೊಲೀಸು, ಕಾರ್ಪೊರೇಷನ್ನು ಎಲ್ಲರಿಗೂ ಕೈ ಬಿಚ್ಚುತ್ತಾನೆ. ಅವನ ಮೇಲೆ ನನ್ನ ಸಿಟ್ಟು ಅರ್ಧ ಮಾತ್ರ. ಆ ಅರ್ಧವೂ ಯಾಕೆಂದರೆ, 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ ನಾಲ್ಕು ರೂಪಾಯಿ ಏರಿದಾಗ ಕಾಫಿಗೆ ಇಷ್ಟು ಹೆಚ್ಚು ಮಾಡುತ್ತೇವೆ ಅಂತ ಮಾತು ಶುರುವಾಗಲು ತಡವಾಗಲಿಲ್ಲ. ಹಸುವಿನ ಹಾಲಿಗೆ ಬೆಲೆ ಏರುತ್ತದೆ. ‘ನಮ್ಮ ಕ್ಲೀನರ್ ಸಂಬಳ ಏರಿಸಿದ್ದೇವೆ, ಅದಕ್ಕೇ ಕಾಫಿಗೆ ಎರಡು ರೂಪಾಯಿ ಹೆಚ್ಚು’ ಅನ್ನುವ ಬೋರ್ಡು ಇನ್ನೂ ನೋಡಬೇಕಾಗಿದೆ. ದೊಡ್ಡವರದು ಇನ್ನೊಂದು ಆಟ. ಬಿಲ್ಲಿನ ಕೊನೆಗೆ ‘ಸರ್ವಿಸ್ ಚಾರ್ಜ್’ ಸೇರಿಸಬೇಡಿ ಅಂತ ಕೇಂದ್ರದ ಗ್ರಾಹಕ ಪ್ರಾಧಿಕಾರ 2022ರಲ್ಲಿ ಹೇಳಿದಾಗ, ಅದು ನಮ್ಮ ಕೆಲಸಗಾರರ ಪಾಲು ಅಂತ ವಾದಿಸಿ ಕೋರ್ಟಿಗೆ ಹೋದರು. ಬಲವಂತದ ವಸೂಲಿ ಕೂಡದೆಂದು 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟು ತೀರ್ಪಿತ್ತಿತು. ಒಳ್ಳೆಯದೇ ಆಯಿತು. ಕೆಲಸಗಾರರ ಮೇಲೆ ಅಷ್ಟು ಕಕ್ಕುಲಾತಿ ಇದ್ದಿದ್ದರೆ ಆ ದುಡ್ಡನ್ನು ಸಂಬಳದ ಚೀಟಿಯಲ್ಲೇ ಕೊಡಬಹುದಿತ್ತು, ಗಿರಾಕಿಯ ಜೇಬಿನಿಂದ ತೆಗೆಸಿ ತಮ್ಮ ಔದಾರ್ಯವೆಂದು ಮೆರೆಯಬೇಕಿರಲಿಲ್ಲ.

ಈಗ ಎಲ್ಲರದೂ ಒಂದೇ ಗೋಳು: ‘ಕೆಲಸಕ್ಕೆ ಜನ ಸಿಗುತ್ತಿಲ್ಲ.’ ಸಿಗುವುದಿಲ್ಲ. ಸಿಗಬಾರದು ಕೂಡ. ನಮ್ಮ ಹುಡುಗರು ಸ್ಕೂಟರ್ ಹತ್ತಿ ಮನೆಮನೆಗೆ ಊಟ ಹಂಚುತ್ತಾರೆ. ಅದೂ ಕತ್ತು ಮುರಿಯುವ ಕೆಲಸವೇ, ಆದರೆ ರಾತ್ರಿ ತಮ್ಮ ಕೋಣೆಯಲ್ಲಿ ಮಲಗುತ್ತಾರೆ. ಅದಕ್ಕೇ ಈಗ ಏಜೆಂಟರು ಬ್ರಹ್ಮಪುತ್ರದ ದಡದವರೆಗೆ ಹೋಗಿದ್ದಾರೆ. ಅಲ್ಲಿಯ ಹುಡುಗನಿಗೆ ಕನ್ನಡ ಬಾರದು, ಕಾರ್ಮಿಕ ಇಲಾಖೆ ಎಲ್ಲಿದೆ ಗೊತ್ತಿಲ್ಲ, ಇಲ್ಲಿ ಓಟಿಲ್ಲ. ಮಾಲೀಕನಿಗೆ ಇನ್ನೇನು ಬೇಕು? ಆ ಹುಡುಗ ಕನ್ನಡ ಮಾತಾಡುವುದಿಲ್ಲ ಅಂತ ಅವನ ಮೇಲೆಯೇ ಕೂಗಾಡುವ ನಮ್ಮ ಶೂರರು, ಇಲ್ಲಿನ ಹುಡುಗ ಆ ಕೆಲಸ ಬಿಟ್ಟು ಓಡಿಹೋದದ್ದು ಯಾಕೆ ಅಂತ ಒಮ್ಮೆ ಮಾಲೀಕನ ಕೊರಳಪಟ್ಟಿ ಹಿಡಿದು ಕೇಳಲಿ.

ಸರ್ಕಾರ ಪ್ರವಾಸೋದ್ಯಮ ನೀತಿ 2024–29 ಅಂತ ತಂದಿದೆ. ಬಂಡವಾಳ ಹಾಕುವವರಿಗೆ ಸಬ್ಸಿಡಿ, ರಿಯಾಯಿತಿ, ಎಲ್ಲ ಇವೆ. ನಮ್ಮ ತೆರಿಗೆಯ ದುಡ್ಡು ಅದು, ಹಾಗಾಗಿ ಷರತ್ತು ಹಾಕುವ ಹಕ್ಕು ನಮಗಿದೆ. ತಮಿಳುನಾಡು 2023ರಲ್ಲಿ ಕಟ್ಟಡದ ನಿಯಮಗಳನ್ನೇ ತಿದ್ದಿ, ಅತಿಥಿಗಳ ಡ್ರೈವರುಗಳಿಗೆ ಮಲಗುವ ಕೋಣೆ ಮತ್ತು ಶೌಚಾಲಯ ಕಟ್ಟಬೇಕೆಂದು ಹೋಟೆಲುಗಳಿಗೆ ತಾಕೀತು ಮಾಡಿತು. ಆಕಾಶ ಬೀಳಲಿಲ್ಲ, ಅಲ್ಲಿನ ಹೋಟೆಲುಗಳು ಮುಚ್ಚಿಹೋಗಲಿಲ್ಲ. ನಾನು ಕೇಳುವುದು ಅದಕ್ಕಿಂತ ಸ್ವಲ್ಪವೇ ಹೆಚ್ಚು. ಹೋಟೆಲು, ಬಾರು, ಹೋಮ್‌ಸ್ಟೇ, ರೆಸಾರ್ಟು ಯಾವುದರ ಪರವಾನಗಿ ಅರ್ಜಿಯೇ ಆಗಲಿ, ಅದರಲ್ಲಿ ಈ ಕಾಲಂಗಳಿರಲಿ: ರಾತ್ರಿ ಇಲ್ಲಿ ಎಷ್ಟು ಜನ ಕೆಲಸದವರು ಮಲಗುತ್ತಾರೆ, ಯಾವ ಕೋಣೆಯಲ್ಲಿ, ಬೆಂಕಿ ಬಿದ್ದರೆ ಯಾವ ಬಾಗಿಲಿನಿಂದ ಹೊರಗೆ ಬರುತ್ತಾರೆ, ಆ ಬಾಗಿಲ ಕೀಲಿ ಯಾರ ಕೈಯಲ್ಲಿರುತ್ತದೆ. ತುಂಬಿದ ಮೇಲೆ ಅಧಿಕಾರಿ ಹಗಲಿನಲ್ಲಿ ದೋಸೆ ತಿನ್ನಲು ಬರುವುದು ಬೇಡ, ರಾತ್ರಿ ಎರಡಕ್ಕೆ ಬಂದು ಷಟರ್ ತಟ್ಟಲಿ. ಬರೆದದ್ದು ಸುಳ್ಳೆಂದು ಕಂಡರೆ ಆ ಷಟರ್ ಮರುದಿನ ಏಳಬಾರದು.